ಹೆಳವರ ಉದ್ದಪ್ಪ ರಾಚಪ್ಪನ ಮನೆತನ ಹೇಳಿದ್ದು

ಹೆಳವರ ಉದ್ದಪ್ಪಜ್ಜ ತೀರಿಕೊಂಡು ನಾಲ್ಕು ವರ್ಷವಾಯಿತು. ಅವನ ಬಗ್ಗೆ ಬರೆಯಿರಿ ಎಂದು ನನಗೆ ಯಾರೂ ಹೇಳಿಲ್ಲ. ಹೇಳುವವರಾದರೂ ಯಾರು? ನೂರಾರು ಮನೆಗಳ ಅಜ್ಜ ಮುತ್ತಜ್ಜರ ಹೆಸರುಗಳನ್ನು ಅವನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ತಿರುಗಿದ. ಅವನ ಅಪ್ಪನ ಹೆಸರೇನು ಎಂದು ಕೇಳಿದರೆ ಆ ನೂರಾರು ಮನೆಗಳಲ್ಲಿ ಒಬ್ಬರಿಗೂ ಗೊತ್ತಿಲ್ಲ. ಇದು ನೆನಪಾದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವನ ಅಪ್ಪನ ಹೆಸರು ಮಾಯಪ್ಪ. ಬರೆದಿಟ್ಟೆ, ಮುಗಿಯಿತು.

ನಾನು ಸೀತಾಬಾಯಿ, ಮೂಡಲಗಿಯ ಒಂದು ಕನ್ನಡ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಕಲಿಸಿದವಳು. ಮನೆಯಲ್ಲಿ ನಮ್ಮದು ಮರಾಠಿ, ಶಾಲೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ‘ಅಕ್ಕೋರ ಬಾಯಿ ಭಾಳ’ ಅಂತ ಮಕ್ಕಳ ತಾಯಂದಿರು ನನ್ನ ಬೆನ್ನ ಹಿಂದೆ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಬಾಯಿಯಿಂದಲೇ ಒಂದು ಸಲ ದೊಡ್ಡ ಎಡವಟ್ಟಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಕೂತು, ಕಾಲಿನ ಮೇಲೆ ಕಂಬಳಿ ಹೊದ್ದು, ಕೈಯಲ್ಲಿ ಗಂಟೆ ಹಿಡಿದು ಮನೆಯ ಬಾಗಿಲಿಗೆ ನಿಂತು ಆ ಮನೆತನ ಹೇಳುವುದು ಅವರ ಕೆಲಸ. ಯಾವ ಊರಿಂದ ಬಂದಿರಿ, ಮೊದಲು ಬಂದವನು ಯಾರು, ಅವನ ಮಗ ಯಾರು, ಸೊಸೆಯನ್ನು ಎಲ್ಲಿಂದ ತಂದಿರಿ, ಮಗಳನ್ನು ಎಲ್ಲಿಗೆ ಕೊಟ್ಟಿರಿ, ಹೀಗೆ ಏಳೆಂಟು ತಲೆಮಾರು. ಒಂದೊಂದು ಹೆಸರಿಗೂ ಮನೆಯವರು ‘ಹೌದು’ ಅನ್ನಬೇಕು. ಮುಗಿದ ಮೇಲೆ ಜೋಳವನ್ನೋ ಹಳೆಯ ತಾಮ್ರದ ಕೊಡವನ್ನೋ ಕೊಟ್ಟು ಕಳಿಸುತ್ತಾರೆ. ಕಾಲು ಗಟ್ಟಿಯಿದ್ದರೂ ಕಂಬಳಿ ಯಾಕೆ ಎಂದು ನಾನು ಉದ್ದಪ್ಪಜ್ಜನನ್ನು ಕೇಳಿದ್ದೆ. ಅವರ ಮೂಲಪುರುಷನಿಗೆ ಕಾಲು ಇರಲಿಲ್ಲವಂತೆ. ನಡೆಯಲು ಬಾರದವನಿಗೆ ದೇವರು ನೆನಪು ಕೊಟ್ಟನಂತೆ.

"ನಿಮಗ ಕಾಲ ಅದಾವಲ್ರಿ ಅಜ್ಜಾರ?" ಅಂದೆ.

"ಅದಾವ್ರಿ. ಅದಕ್ಕ ಮುಚ್ಚೇನಿ" ಅಂದ. ಅಂಥ ಮನುಷ್ಯ.

ಅವನು ಹುಟ್ಟಿದ್ದು ಸಂಕೇಶ್ವರದ ಸಂತೆಯ ದಿನ, ಬಂಡಿಯ ಕೆಳಗೆ. ಐದು ವರ್ಷಕ್ಕೆಲ್ಲ ಮಾಯಪ್ಪ ಅವನನ್ನು ಎತ್ತಿನ ಮೇಲೆ ತನ್ನ ಮುಂದೆ ಕೂರಿಸಿಕೊಂಡ. ಎತ್ತು ಒಂದು ಹೆಜ್ಜೆ ಇಟ್ಟರೆ ಒಂದು ಹೆಸರು. ಹುಕ್ಕೇರಿಯಿಂದ ಘಟಪ್ರಭಾ, ಘಟಪ್ರಭಾದಿಂದ ಗೋಕಾಕ, ಎರಡೂ ಕಡೆ ಜೋಳದ ಹೊಲ, ಮುಖಕ್ಕೆ ಎಳೆ ಬಿಸಿಲು, ಬೆನ್ನಿಗೆ ಅಪ್ಪನ ಎದೆ. ಹುಡುಗನಿಗೆ ತೂಕಡಿಕೆ. ತೂಕಡಿಕೆಯಲ್ಲೇ ಸತ್ತವರೆಲ್ಲ ಸಾಲಾಗಿ ನಡೆದು ಬರುತ್ತಿದ್ದರು, ತಲೆಗೆ ಪಟಗ ಸುತ್ತಿಕೊಂಡವರು, ಕೂಸು ಎತ್ತಿಕೊಂಡವರು. "ಕಲತದ್ದ ನನಗ ನೆನಪಿಲ್ರಿ ಅಕ್ಕೋರ. ನಿದ್ದಿಯೊಳಗ ಹೊಕ್ಕಾವ" ಅನ್ನುತ್ತಿದ್ದ. ನೆಲದ ಮೇಲೆ ಕೂತು ಹೇಳು ಅಂದರೆ ನಾಲ್ಕು ಹೆಸರು ಹೇಳಿ ತಡವರಿಸುವವನು, ಎತ್ತಿನ ಮೇಲೆ ಹತ್ತಿದರೆ ಕಣ್ಣು ಅರ್ಧ ಮುಚ್ಚಿ ತಾಸುಗಟ್ಟಲೆ ಹೇಳುತ್ತಿದ್ದ. ತನ್ನ ಅಜ್ಜನ ಕಾಲದ, ಹಳೆಯ ಮರಾಠಿಯ ಮೋಡಿ ಲಿಪಿಯ ದಫ್ತರ ಒಂದು ಅವನ ಹತ್ತಿರ ಕೆಂಪು ಬಟ್ಟೆಯಲ್ಲಿ ಕಟ್ಟಿದ್ದಿತ್ತು. ಓದಲು ಅವನಿಗೆ ಬರುತ್ತಿರಲಿಲ್ಲ. ಆದರೂ ಊರೂರಿಗೆ ಹೊತ್ತೊಯ್ಯುತ್ತಿದ್ದ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅಪ್ಪ ಜ್ವರದಲ್ಲಿ ಮಲಗಿದಾಗ, ಅವನೊಬ್ಬನೇ ಹುಕ್ಕೇರಿಯ ಒಂದು ಮನೆಯ ಮುಂದೆ ಹೇಳಿ ಬಂದ. ಎರಡು ದಿನದ ಮೇಲೆ ಸಂಕೇಶ್ವರದಲ್ಲಿ ಎತ್ತಿಗೆ ನೀರು ಕುಡಿಸುವಾಗ ನೆನಪಾಯಿತು: ಮೂರು ವರ್ಷಕ್ಕೇ ತೀರಿಹೋಗಿದ್ದ ಒಂದು ಕೂಸಿನ ಹೆಸರು ಬಿಟ್ಟಿದ್ದ. ಅಲ್ಲಿಂದಲೇ ಎತ್ತು ತಿರುಗಿಸಿದ. ಆ ಮನೆಯ ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳಂತೆ. "ಯಾವ್ದೋ ಕಾಲದ್ದ ಕೂಸ, ಯಾರಿಗೆ ತಿಳೀತಿತ್ತೋ ತಮ್ಮಾ?" ಅಂದಳಂತೆ. ಇವನು ಬಾಗಿಲಲ್ಲಿ ಎತ್ತು ನಿಲ್ಲಿಸಿ ಇಡೀ ಮನೆತನ ಮೊದಲಿಂದ ಹೇಳಿದ. ನನಗೆ ಇದನ್ನು ಹೇಳುವಾಗ ಅವನಿಗೆ ಎಪ್ಪತ್ತು ದಾಟಿತ್ತು, ಆದರೂ ಆ ತಪ್ಪಿಗೆ ನಾಚಿದ.

ಇನ್ನು ಪ್ರವಾಸದ ಸುದ್ದಿ. ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಜನವರಿ. ಮಕ್ಕಳಿಗೆ ನಮ್ಮ ನೆಲದ ಜನರ ಪದ್ಧತಿ, ಪರಂಪರೆ ತೋರಿಸಿಕೊಂಡು ಬನ್ನಿ ಎಂದು ಮೇಲಿನಿಂದ ಒಂದು ಕಾಗದ ಬಂತು. ನಮ್ಮ ಹೆಡ್‌ಮಾಸ್ತರರು ಎಂದಿನಂತೆ, "ಗೋಕಾಕ ಫಾಲ್ಸಿಗೆ ಹೋಗಿ ಬರ್ರಿ" ಅಂದರು.

"ಜನವರಿಯಾಗ ಅಲ್ಲಿ ನೀರ ಎಲ್ಲಿರ್ತಾವ್ರಿ ಸರ? ಬಂಡಿಗಲ್ಲ ನೋಡಿ, ಕರದಂಟ ತಿಂದ, ತೂಗುಸೇತುವಿ ಅಳ್ಳಾಡಿಸಿ ಬರೂದ ಪರಂಪರೆಯೇನ್ರಿ?" ಅಂದೆ. ಅವರು ಕನ್ನಡಕ ಒರೆಸಿಕೊಂಡರು. ಕನ್ನಡಕ ಒರೆಸಿದರೆ ಒಪ್ಪಿದಂತೆ.

ಆ ವರ್ಷ ಉದ್ದಪ್ಪಜ್ಜನ ಬಿಡಾರ ನಾಗನೂರಿನ ಹತ್ತಿರ ಒಂದು ಖಾಲಿ ಹೊಲದಲ್ಲಿ, ಹುಣಸೆಮರದ ಕೆಳಗೆ ಬಿದ್ದಿತ್ತು. ಏಳನೆಯ ವರ್ಗದ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ಎಂದು ನಿರ್ಧರಿಸಿದೆ. ಹಿಗ್ಗಿನಲ್ಲಿ ವರ್ಗದಲ್ಲಿ ನಿಂತು ದೊಡ್ಡ ಭಾಷಣ ಮಾಡಿದೆ: "ಹೆಳವರ ಪದ್ಧತಿ ಹೆಂಗಂದ್ರ, ಮನಿ ಮಕ್ಕಳು ಬಾಯಿ ತೆರದ ಕೇಳಿದ್ರ ಅಜ್ಜ ಇಲ್ಲ ಅನ್ನಾಂಗಿಲ್ಲ, ಹೇಳಾಕಬೇಕ. ಬ್ಯಾರೆ ಮನಿಯವರ ಕೇಳಿದ್ರ ಮಾತ್ರ ಹೇಳಾಂಗಿಲ್ಲ." ಎರಡನೆಯ ಸಾಲಿನಲ್ಲಿ ಕೂತಿದ್ದ ದಾಕ್ಷಾಯಿಣಿ ಎಂಬ ಹುಡುಗಿಯ ಕಣ್ಣು ಅರಳಿದ್ದನ್ನು ನೋಡಿ ನನಗೆ ಖುಷಿಯಾಯಿತು. ನನ್ನ ಖುಷಿಗಿಷ್ಟು ಬೆಂಕಿ ಹಾಕ.

ಮರುದಿನ ಊಟದ ಬಿಡುವಿನಲ್ಲಿ ಅವಳ ತಾಯಿ ಕಾಶೆವ್ವ ಬಂದಳು. ಮೂಡಲಗಿಯ ಅಂಚಿಗೆ ಕಬ್ಬಿನ ಹೊಲವಿದ್ದ ರಾಚಪ್ಪನ ಹೆಂಡತಿ. ನುಡಿ ಕಡಿಮೆ, ಕೆಲಸ ಜಾಸ್ತಿ. ಬಂದವಳು ಬಾಗಿಲು ಹಿಡಿದು ನಿಂತಳು.

"ಅಕ್ಕೋರ, ನಮ್ಮ ಮನಿತನ ಮಾತ್ರ ಹೇಳಸಬ್ಯಾಡ್ರಿ."

"ಯಾಕವ್ವಾ?"

"ದಾಕ್ಷಾಯಿಣಿ ನನ್ನ ಹೊಟ್ಯಾಗ ಹುಟ್ಟಿದ್ದಲ್ರಿ" ಅಂದಳು. ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಮಾತು ಹೊರಗೆ ಬಂದದ್ದನ್ನು ಅವಳಿಗೇ ನಂಬಲಾಗಲಿಲ್ಲ.

ಆಮೇಲೆ ಹೇಳಿದ್ದು ಇಷ್ಟು: ಹುಕ್ಕೇರಿ ಕಡೆಯ ಒಂದು ಹಳ್ಳಿ. ಹಡೆದ ತಾಯಿ ಹೆರಿಗೆಯಲ್ಲೇ ಹೋದಳು. ಮೊದಲೇ ನಾಲ್ಕು ಮಕ್ಕಳಿದ್ದ ಅಪ್ಪ ಐದನೆಯದನ್ನು ಇವರ ಉಡಿಗೆ ಹಾಕಿದ. ಹನ್ನೊಂದು ದಿನದ ಕೂಸು. ಕಾಶೆವ್ವ ತವರಿಗೆ ಹೋಗಿ ಆರು ತಿಂಗಳಿದ್ದು ಕೂಸಿನ ಜೊತೆ ಬಂದಳು. ಊರು ನಂಬಿತು. ಹುಡುಗಿ ನಂಬಿದಳು. ಸಿಕ್ಕಿಬಿದ್ದದ್ದು ಒಂದು ಕಡೆ ಮಾತ್ರ. ಮೂರು ವರ್ಷಕ್ಕೊಮ್ಮೆ ಬಾಗಿಲಿಗೆ ಬರುವ ಉದ್ದಪ್ಪಜ್ಜ ಎಲ್ಲ ಹೇಳಿ ಮುಗಿಸಿ, "ಮನ್ಯಾಗ ಹೊಸಾ ಹೆಸರ ಏನರೆ ಐತೇನವ್ವಾ?" ಎಂದು ಕೇಳುತ್ತಿದ್ದ. ಹೆಸರು ಸೇರಿಸಬೇಕಾದರೆ ಹೇಗೆ ಬಂತು, ಎಲ್ಲಿಂದ ಬಂತು ಎಂದು ಮನೆಯ ಹೆಂಗಸೇ ಹೇಳಬೇಕು, ಸುಳ್ಳು ಹೇಳಿದರೆ ಮನೆತನಕ್ಕೆ ಒಳ್ಳೆಯದಲ್ಲ. ಕಾಶೆವ್ವನಿಗೆ ತಾನೇ ಹಡೆದೆ ಎಂದು ಸುಳ್ಳು ಹೇಳುವ ಧೈರ್ಯವಿಲ್ಲ, ಖರೆ ಹೇಳುವ ಧೈರ್ಯವೂ ಇಲ್ಲ. "ಏನಿಲ್ರಿ ಅಜ್ಜಾ" ಅಂದುಬಿಟ್ಟಿದ್ದಳು. ನಾಲ್ಕು ಸಲ.

ಅಂದರೆ ಉದ್ದಪ್ಪಜ್ಜನ ನಾಲಿಗೆಯ ಮೇಲೆ ದಾಕ್ಷಾಯಿಣಿ ಹುಟ್ಟೇ ಇರಲಿಲ್ಲ. ರಾಚಪ್ಪನ ಮನೆತನ ಹೇಳಿದರೆ ಅದು ರಾಚಪ್ಪ, ಕಾಶೆವ್ವ ಅಂತ ಅಲ್ಲಿಗೇ ನಿಲ್ಲುತ್ತದೆ. ನಲವತ್ತು ಮಕ್ಕಳ ಎದುರಿಗೆ, ಅವಳ ಎದುರಿಗೆ.

"ನಾ ನೋಡ್ಕೊಂತೀನಿ, ನೀ ಅಂಜಬ್ಯಾಡ" ಅಂದೆ. ಮಾತು ಕೊಡುವುದರಲ್ಲಿ ನಾನು ಯಾವಾಗಲೂ ಮುಂದೆ.

ಅದೇ ಸಂಜೆ ಬಸ್ಸು ಹಿಡಿದು ನಾಗನೂರಿಗೆ ಹೋದೆ. ಉದ್ದಪ್ಪಜ್ಜ ಎತ್ತಿನ ಮೈ ತಿಕ್ಕುತ್ತಿದ್ದ. ಅವನ ಹೆಂಡತಿ ಕರೆವ್ವ ಚಹಾ ಕೊಟ್ಟಳು. ನಾನು ವಿಷಯ ಬಿಚ್ಚಿದೆ. ಅವನು ಕೈ ನಿಲ್ಲಿಸಲಿಲ್ಲ.

"ನನಗ ಗೊತ್ತೈತ್ರಿ. ಮೊದಲನೇ ಸಲ ಹೋದಾಗ ಪಡಸಾಲ್ಯಾಗ ತೊಟ್ಟಲಾ ಕಂಡಿತ್ತು. ಮನಿ ಬಾಯಿ ಹೇಳಲಾರದ್ದ ನನ್ನ ಬಾಯಿ ಹೇಳಾಂಗಿಲ್ಲ."

"ಹಂಗಾದ್ರ ಒಂದ ಹೆಸರ ನೀವ ಸೇರಿಸಿಬಿಡ್ರಿ ಅಜ್ಜಾರ. ಕೂಸ ಉಳಕೊಂತೈತಿ. ಯಾರಿಗೆ ತಿಳೀತೈತಿ?"

ಆಗ ಕೈ ನಿಂತಿತು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಶಾಲೆಯಲ್ಲಿ ನಾನು ಮಕ್ಕಳನ್ನು ಹಾಗೆ ನೋಡುತ್ತಿದ್ದೆ. "ಅಕ್ಕೋರ, ನಾ ಒಂದ ಸುಳ್ಳ ಹೇಳಿದೆ ಅಂದ್ರ, ಹಿಂದ ಹೇಳಿದ್ದೆಲ್ಲಾ ಸುಳ್ಳ ಆಗತೈತಿ. ಆ ಮನಿ ಯಾರೂ ಕೇಳದಂಗ ನೀವ ನೋಡ್ಕೊರಿ. ಕೇಳದಿದ್ರ ನಾ ಹೇಳಾಂಗಿಲ್ಲ."

ಸರಿ, ಕೇಳದಂತೆ ನೋಡಿಕೊಂಡರಾಯಿತು. ಚೀಟಿಯಲ್ಲಿ ನಾಲ್ಕು ಮಕ್ಕಳ ಹೆಸರು ಬರೆದುಕೊಂಡೆ, ದಾಕ್ಷಾಯಿಣಿಯನ್ನು ಬಿಟ್ಟು.

ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಸಿ ಮಕ್ಕಳನ್ನು ಕೂರಿಸಿಕೊಂಡು ಹೊರಟಾಗ ಇನ್ನೂ ಮಂಜು ಬಿಟ್ಟಿರಲಿಲ್ಲ. ಕಬ್ಬಿನ ಹೊಲಗಳು ಕಾಣುತ್ತಿರಲಿಲ್ಲ, ಅವುಗಳ ವಾಸನೆ ಮಾತ್ರ ಬರುತ್ತಿತ್ತು. ಎಲ್ಲೋ ಆಲೆಮನೆಯಲ್ಲಿ ಬೆಲ್ಲ ಕುದಿಯುತ್ತಿತ್ತು. ಮಕ್ಕಳು ಹಾಡಲೂ ಇಲ್ಲ, ಕಿತ್ತಾಡಲೂ ಇಲ್ಲ. ಬಿಳಿಯೊಳಗಿಂದ ಬಿಳಿಯೊಳಗೆ ಹೋಗುತ್ತಿದ್ದೆವು, ಯಾವ ವರ್ಷಕ್ಕೆ ಹೋಗಿ ಇಳಿಯುತ್ತೇವೋ ಎಂದು ನನಗೇ ಅನಿಸಿತು. ರೊಟ್ಟಿ, ಶೇಂಗಾ ಚಟ್ನಿಯ ಬುಟ್ಟಿಗಳ ಜೊತೆ ಇಬ್ಬರು ತಾಯಂದಿರು ಬಂದಿದ್ದರು. ಒಬ್ಬಳು ಕಾಶೆವ್ವ. ಬೇಡವೆಂದರೂ ಬಂದಿದ್ದಳು.

ಬಿಡಾರ ಮುಟ್ಟುವಾಗ ಮಂಜು ಕರಗಿತ್ತು. ಉದ್ದಪ್ಪಜ್ಜ ಬಿಳಿ ಪಟಗ ಸುತ್ತಿ, ಕಂಬಳಿ ಹೊದ್ದು, ಎತ್ತಿನ ಮೇಲೆ ಕೂತಿದ್ದ. ಹುಣಸೆಮರದ ನೆರಳು ಬಿಸಿಲು ಅವನ ಮೇಲೆ ಅಲ್ಲಾಡುತ್ತಿದ್ದವು. ಗಂಟೆ ಬಾರಿಸಿದ. ನಾನು ಚೀಟಿಯಲ್ಲಿದ್ದಂತೆ ಒಬ್ಬೊಬ್ಬರನ್ನೇ ಎಬ್ಬಿಸಿದೆ. ಅವನ ದನಿಯಲ್ಲಿ ಏರಿರಲಿಲ್ಲ, ಇಳಿತವೂ ಇರಲಿಲ್ಲ, ಸುಮ್ಮನೆ ಹರಿಯುತ್ತಿತ್ತು. ಎರಡನೆಯ ಮನೆತನ ಮುಗಿಯುವಷ್ಟರಲ್ಲಿ ಅರ್ಧ ಮಕ್ಕಳ ಕಣ್ಣು ಜೋಲುತ್ತಿದ್ದವು. ಎತ್ತು ಮೆಲುಕು ಹಾಕುತ್ತಿತ್ತು. ನನಗೂ ಒಂದು ಕ್ಷಣ, ಹೆಸರು ಹೇಳಿಸಿಕೊಂಡವರೆಲ್ಲ ಬಂದು ಮಕ್ಕಳ ಹಿಂದೆ ಕಾಲು ಮಡಚಿ ಕೂತಿದ್ದಾರೆ, ತಮ್ಮ ಸರದಿಗೆ ತಲೆಯೆತ್ತಿ ಮತ್ತೆ ತಗ್ಗಿಸುತ್ತಾರೆ ಅನ್ನಿಸಿತು. ಹಗಲಲ್ಲೇ, ಎಚ್ಚರವಿದ್ದೇ, ಹಾಗೆ ಅನ್ನಿಸಿತು.

ನಾಲ್ಕನೆಯದೂ ಮುಗಿಯಿತು. "ಸಾಕಿನ್ನ, ಊಟಾ ಮಾಡೂನು" ಅಂದೆ.

"ಅಕ್ಕೋರ, ನಮ್ಮದ" ಎಂದು ದಾಕ್ಷಾಯಿಣಿ ಎದ್ದಳು.

"ಆಮ್ಯಾಲ ನೋಡೂನಂತ, ಕುಂದರ."

"ಮನಿ ಮಕ್ಕಳ ಕೇಳಿದ್ರ ಅಜ್ಜ ಹೇಳಾಕಬೇಕ ಅಂತ ನೀವ ಹೇಳೀರಲ್ರಿ." ನನ್ನನ್ನು ದಾಟಿ ಹೋಗಿ ಎತ್ತಿನ ಮುಂದೆ ನಿಂತಳು. "ಅಜ್ಜಾ, ಮೂಡಲಗಿ ರಾಚಪ್ಪನ ಮಗಳ ನಾನು. ನಮ್ಮ ಮನಿತನ ಹೇಳ್ರಿ."

ಕಾಶೆವ್ವನ ಕೈಯಿಂದ ರೊಟ್ಟಿಯ ಬುಟ್ಟಿ ಜಾರಿತು. ಉದ್ದಪ್ಪಜ್ಜ ಹೇಳುವುದಿಲ್ಲ ಅಂದರೆ ಅವಳು ಆ ಮನೆಯವಳಲ್ಲ ಎಂದು ಎಲ್ಲರೆದುರು ಸಾರಿದಂತೆ. ಹೇಳಿದರೆ ರಾಚಪ್ಪನಿಗೆ ಮಕ್ಕಳೇ ಇಲ್ಲ. ಎತ್ತ ಹೋದರೂ ಏಟು ಹುಡುಗಿಗೇ.

ಅವನು ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ಗಂಟೆ ಬಾರಿಸಿದ.

"ಕೇಳ ಮಗಳ. ಹೊಳಿ ಆಚಿ ಹಿರೇಮಡ್ಡಿ ನಿಮ್ಮ ಮೂಲ. ಹುಲಿ ಕಾಟಕ್ಕ ಊರ ಬಿಟ್ರು. ಏಳ ಬಂಡಿ ಹೂಡಿದ್ರು, ಘಟಪ್ರಭಾ ದಾಟಿದ್ರು. ಮುಂದಿನ ಬಂಡಿ ಹೊಡದಾಂವ ಅಲ್ಲಪ್ಪ."

"ಹೌದ್ರಿ" ಅಂದಳು ದಾಕ್ಷಾಯಿಣಿ.

"ಅಲ್ಲಪ್ಪನ ಮಗ ಯಲ್ಲಪ್ಪ. ಹೊಸಾ ಊರಾಗ ಬಾಂವಿ ತೋಡಿದಾಂವ."

"ಹೌದ್ರಿ."

"ಯಲ್ಲಪ್ಪನ ಮಗ ಬಸಲಿಂಗಪ್ಪ. ಬಸಲಿಂಗಪ್ಪಗ ಹೊಟ್ಟೀಲೆ ಮಕ್ಕಳಾಗಲಿಲ್ಲ. ಹೊಳಿ ಆಚಿಯಿಂದ ಕೂಸ ತಂದ. ಬುಟ್ಯಾಗ ಇಟ್ಟ, ತಲಿ ಮ್ಯಾಲ ಹೊತ್ತ, ಎದಿಮಟ ನೀರಾಗ ತಂದ. ಆ ಕೂಸ ಗುರುಪಾದಪ್ಪ. ಗುರುಪಾದಪ್ಪಗ ಐದ ಮಂದಿ ಮಕ್ಕಳ."

"ಹೌದ್ರಿ" ಅಂದಳು ಹುಡುಗಿ, ಅದೇ ದನಿಯಲ್ಲಿ.

ನಾನು ಕಾಶೆವ್ವನ ಕಡೆ ನೋಡಿದೆ. ಅವಳ ಬಾಯಿ ತೆರೆದಿತ್ತು. ಪ್ರತಿ ಸಲ ಅಜ್ಜ ಬಾಗಿಲಿಗೆ ಬಂದಾಗ ಇವಳು ಒಳಗೆ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕೂರುತ್ತಿದ್ದಳಂತೆ, ಕೊನೆಯ ಪ್ರಶ್ನೆಯೊಂದನ್ನೇ ಕಾಯುತ್ತ. ನಡುವಿನ ಗುರುಪಾದಪ್ಪ ಅವಳ ಕಿವಿಗೆ ಬಿದ್ದೇ ಇರಲಿಲ್ಲ. ಈ ಗುರುಪಾದಪ್ಪನನ್ನು ಆವತ್ತು ಅಜ್ಜನೇ ಹುಟ್ಟಿಸಿದನೇ ಎಂದು ನನಗೂ ಅನುಮಾನವಿತ್ತು. ಒಂದು ವರ್ಷದ ಮೇಲೆ ಕೇಳಿಯೂ ಕೇಳಿದೆ. ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟ.

ಹೆಸರುಗಳು ಇಳಿಯುತ್ತ ಬಂದವು. ಅಜ್ಜ, ಅಜ್ಜಿ, ಕೊಟ್ಟ ಹೆಣ್ಣುಮಕ್ಕಳು. ಹುಡುಗಿ ಒಂದೊಂದಕ್ಕೂ ಹೌದು ಅಂದಳು. ಕಡೆಗೆ ಅವನು, "ರಾಚಪ್ಪ. ರಾಚಪ್ಪನ ಹೇಣ್ತಿ ಕಾಶೆವ್ವ" ಅಂದ.

"ಹೌದ್ರೀ!" ಎಲ್ಲಕ್ಕಿಂತ ಜೋರಾಗಿ ಅಂದು, ಮುಂದಿನ ಹೆಸರಿಗೆ ಕುತ್ತಿಗೆ ಚಾಚಿ ನಿಂತಳು.

ಅವನು ಮುಂದೆ ಹೇಳಲಿಲ್ಲ. ಮುಗಿಯಿತು ಅಂತಲೂ ಅನ್ನಲಿಲ್ಲ. ಗಂಟೆಯನ್ನು ಎತ್ತಿ ಹಿಡಿದೇ ಕೂತ. ಎತ್ತು ಮೆಲುಕು ನಿಲ್ಲಿಸಿತು. ಮಕ್ಕಳು ಒಬ್ಬೊಬ್ಬರಾಗಿ ಎಚ್ಚರಾದರು. ದಾಕ್ಷಾಯಿಣಿಯ ಮುಖ ಇಷ್ಟಿಷ್ಟೇ ಸಣ್ಣದಾಯಿತು. "ಅಜ್ಜಾ, ನಾ?" ಅಂದಳು.

ಉದ್ದಪ್ಪಜ್ಜ ಅವಳ ತಲೆಯ ಮೇಲಿಂದ ಕಾಶೆವ್ವನನ್ನು ನೋಡಿದ. "ಮನ್ಯಾಗ ಹೊಸಾ ಹೆಸರ ಏನರೆ ಐತೇನವ್ವಾ?"

ನಾನು ನನ್ನ ಇಷ್ಟದೇವರನ್ನೆಲ್ಲ ನೆನೆದೆ.

"ಐತ್ರಿ ಅಜ್ಜಾ" ಅಂದಳು ಕಾಶೆವ್ವ. "ದಾಕ್ಷಾಯಿಣಿ. ಹುಕ್ಕೇರಿ ಕಡೆಯಿಂದ ತಂದೇವ್ರಿ. ಹನ್ನೊಂದ ದಿನದ ಕೂಸ ಇದ್ಲು. ಹಡದಾಕಿ ತೀರಿಹೋಗಿದ್ಲು. ನಾನ... ನನ್ನ ಉಡ್ಯಾಗ ತಂದೇನ್ರಿ."

ದಾಕ್ಷಾಯಿಣಿ ಅಳುತ್ತಾಳೆ, ಓಡುತ್ತಾಳೆ ಅಂದುಕೊಂಡೆ. ಅವಳು ನಿಂತಲ್ಲೇ ನಿಂತು ತಾಯಿಯನ್ನು ನೋಡಿದಳು.

"ಅದಕ್ಕ ಏನ, ಗಂಟಿ ಸಪ್ಪಳಾ ಕೇಳಿದ ಕೂಡ್ಲೇ ಶೇಂಗಾ ಬೆಲ್ಲಾ ಕೊಟ್ಟ ನನ್ನ ಬಾಜೂ ಮನಿಗೆ ಕಳಸ್ತಿದ್ದಿ? ನನ್ನ ಹೆಸರ ಹೇಳಾಕ ನಿನಗ ನಾಚಿಕಿ ಆಗತಿತ್ತೇನ?"

"ಇಲ್ಲ ನನ್ನವ್ವ, ನಾಚಿಕಿ ಅಲ್ಲ!" ಕಾಶೆವ್ವ ಚಟ್ನಿ ಮೆತ್ತಿದ ಕೈಯಲ್ಲೇ ಎದೆ ಬಡಿದುಕೊಂಡಳು. "ಅಂಜಿಕಿ. ಎಲ್ಲಿಂದ ಬಂದಿ ಅಂತ ತಿಳದ್ರ ನೀ ಅಲ್ಲಿಗೇ ಹೊಂಟ ಹೋಗ್ತಿ ಅಂತ ಅಂಜಿದ್ನಿ."

"ನಾ ಎಲ್ಲಿಗೆ ಹೋಗ್ಲಿಬೇ? ನನಗ ಹುಕ್ಕೇರಿಗೆ ಯಾವ ಬಸ್ಸ ಹೊಕ್ಕೈತಿ ಅನ್ನೂದ ಸೈತ ಗೊತ್ತಿಲ್ಲ" ಅಂದಳು ಹುಡುಗಿ, ಸಿಟ್ಟಿನಿಂದ. ಅಂದವಳು ಆಗ ಅತ್ತಳು. ನಾನೂ ಅತ್ತೆ. ಮಕ್ಕಳು ಅಕ್ಕೋರು ಅಳುವುದನ್ನು ನೋಡಿದ್ದು ಅದೇ ಮೊದಲು, ಬಾಯಿ ಬಿಟ್ಟು ನೋಡಿದರು.

ಉದ್ದಪ್ಪಜ್ಜ ಕಾದ. ಹೊಸ ಹೆಸರು ಸೇರಿದರೆ ಇಡೀ ಮನೆತನ ಮೊದಲಿನಿಂದ ಹೇಳಬೇಕು. ಆದರೆ ಅವನು ಕಾಶೆವ್ವನನ್ನು ಕೇಳಲಿಲ್ಲ, ನನ್ನನ್ನು ಕೇಳಲಿಲ್ಲ. ಎತ್ತಿನ ಮೇಲಿಂದ ಹುಡುಗಿಯ ಕಡೆ ಬಾಗಿ, "ಹೇಳ್ಲ್ಯಾ ಮಗಳ? ನೀ ಹೂಂ ಅಂದ್ರ ಹೇಳ್ತೇನಿ. ಒಮ್ಮಿ ಹೇಳಿದ್ರ ಅಳಸಾಕ ಬರೂದಿಲ್ಲ" ಅಂದ.

ದಾಕ್ಷಾಯಿಣಿ ಮೂಗು ಒರೆಸಿಕೊಂಡಳು. ಹೋಗಿ ತಾಯಿಯ ಪಕ್ಕಕ್ಕೆ ಕೂತಳು. ಅವಳನ್ನು ಮುಟ್ಟಲಿಲ್ಲ, ಪಕ್ಕಕ್ಕೆ ಕೂತಳು ಅಷ್ಟೆ.

"ಹೇಳ್ರಿ. ಆದ್ರ ಈ ಸಲ ಹೌದ ಅಂತ ನಾ ಅನ್ನಾಂಗಿಲ್ಲ. ಅವ್ವ ಅನ್ನಲಿ."

ಅಲ್ಲಪ್ಪನಿಂದ ಸುರುವಾಯಿತು. ಬಿಸಿಲು ನೆತ್ತಿಗೆ ಬಂದಿತ್ತು, ರೊಟ್ಟಿಗೆ ಇರುವೆ ಮುತ್ತಿದ್ದವು, ಒಂದು ಮಗುವೂ ಹಸಿವು ಅನ್ನಲಿಲ್ಲ. ಕಾಶೆವ್ವ ಒಂದೊಂದು ಹೆಸರಿಗೂ, ಅತ್ತೆ ಮಾವಂದಿರ ಹೆಸರಿಗೂ ಸೆರಗು ತಲೆಯ ಮೇಲೆ ಎಳೆದುಕೊಂಡು, ಹೌದು ಅನ್ನುತ್ತ ಬಂದಳು. ತನ್ನ ಹೆಸರು ಬಂದಾಗ ಬರೀ ತಲೆ ಆಡಿಸಿದಳು.

"ರಾಚಪ್ಪ, ಕಾಶೆವ್ವ, ಇವರ ಮಗಳು ದಾಕ್ಷಾಯಿಣಿ" ಅಂದ ಉದ್ದಪ್ಪಜ್ಜ.

"ಹೌದ್ರಿ, ನನ್ನ ಮಗಳು" ಅಂದಳು ಕಾಶೆವ್ವ. ಹನ್ನೆರಡು ವರ್ಷದಿಂದ ಪಿಸುಮಾತಿನಲ್ಲೇ ಬದುಕಿದ್ದ ಹೆಂಗಸು ಅದನ್ನು ಎಷ್ಟು ಗಟ್ಟಿಯಾಗಿ ಅಂದಳೆಂದರೆ, ಆಚೆ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದವರು ಕೆಲಸ ನಿಲ್ಲಿಸಿ ನಮ್ಮ ಕಡೆ ನೋಡಿದರು.